ಚರಿತ್ರೆಯ ನೆಲದ ಮೇಲೆ ಶಾಲೆಯ ಅಂಗಳ: ಅಗೆಯದೆ ರೂಪಿಸುವ ವಿನ್ಯಾಸ

ಹಳೆಯ ಕೋಟೆಯ ಒಳಗೆ, ಪಾಳುಬಿದ್ದ ಮಠದ ಪಕ್ಕದಲ್ಲಿ, ಅರಮನೆಯ ಉದ್ಯಾನದಲ್ಲಿ ಅಥವಾ ಎಂದೋ ಅಳಿದುಹೋದ ಊರಿನ ನೆಲದ ಮೇಲೆ ನಡೆಯುತ್ತಿರುವ ಶಾಲೆಗಳು ಜಗತ್ತಿನ ಅನೇಕ ಕಡೆ ಇವೆ. ಅಂಥ ಶಾಲೆ ತನ್ನ ಅಂಗಳವನ್ನು ಹೊಸದಾಗಿ ರೂಪಿಸಲು ಹೊರಟಾಗ ಪೋಷಕರಿಗೂ ಶಿಕ್ಷಕರಿಗೂ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಕಟ್ಟಡವನ್ನೇನೂ ಕಟ್ಟುತ್ತಿಲ್ಲ, ನಾಲ್ಕು ಮರ ನೆಟ್ಟು, ಒಂದು ಜೋಕಾಲಿ ಹಾಕಿ, ನಡೆಯಲು ದಾರಿ ಮಾಡುವುದಕ್ಕೆ ಇಷ್ಟೊಂದು ಸಮೀಕ್ಷೆ, ಅನುಮತಿ, ಕಾಯುವಿಕೆ ಏಕೆ? ಈ ಪ್ರಶ್ನೆಗೆ ಉತ್ತರ ಕಾನೂನಿನ ಪುಸ್ತಕಕ್ಕಿಂತ ಹೆಚ್ಚಾಗಿ ಮಣ್ಣಿನಲ್ಲಿಯೇ ಇದೆ. ಮಣ್ಣು ಏನನ್ನು ಹಿಡಿದಿಟ್ಟುಕೊಂಡಿದೆ, ಅದು ಹೇಗೆ ಹಾಳಾಗುತ್ತದೆ ಎಂಬುದು ಗೊತ್ತಾದರೆ ವಿನ್ಯಾಸಕಾರರು ಇಡುವ ಒಂದೊಂದು ಹೆಜ್ಜೆಗೂ ಕಾರಣ ತಿಳಿಯುತ್ತದೆ.

ಎರಡು ಮಾತುಗಳ ಅರ್ಥ

ಭೂದೃಶ್ಯ ವಿನ್ಯಾಸ ಎಂದರೆ ಗಿಡ ನೆಟ್ಟು ಅಲಂಕರಿಸುವ ಕೆಲಸ ಮಾತ್ರವಲ್ಲ. ನೆಲದ ಏರುತಗ್ಗು, ಮಳೆನೀರು ಹರಿದುಹೋಗುವ ದಿಕ್ಕು, ನೆರಳು, ದಾರಿ, ಬೇಲಿ, ಆಸನ, ಆಟದ ಜಾಗ, ಯಾವ ಮೂಲೆಯಿಂದ ಏನು ಕಾಣಬೇಕು ಎಂಬ ನೋಟ, ಇವೆಲ್ಲವನ್ನೂ ಒಟ್ಟಾಗಿ ಯೋಚಿಸಿ ಹೊರಾಂಗಣವನ್ನು ಬಳಕೆಗೆ ಸಜ್ಜುಗೊಳಿಸುವುದು ಅದರ ಕೆಲಸ. ಶಾಲೆಯಲ್ಲಿ ಇದಕ್ಕೆ ಇನ್ನಷ್ಟು ಹೊಣೆ ಸೇರಿಕೊಳ್ಳುತ್ತದೆ: ನೂರಾರು ಮಕ್ಕಳು ದಿನಕ್ಕೆ ಹಲವು ಬಾರಿ ಒಮ್ಮೆಲೇ ಹೊರಗೆ ಓಡಿಬರುತ್ತಾರೆ, ಶಿಕ್ಷಕರ ಕಣ್ಣು ಎಲ್ಲ ಕಡೆಗೂ ಹಾಯಬೇಕು, ಬಿದ್ದ ಮಗುವಿಗೆ ಪೆಟ್ಟಾಗಬಾರದು, ಗಾಲಿಕುರ್ಚಿಯಲ್ಲಿ ಬರುವ ಮಗುವೂ ಆಟಕ್ಕೆ ಸೇರಬೇಕು.

ಸೂಕ್ಷ್ಮ ಚಾರಿತ್ರಿಕ ತಾಣ ಎಂದರೆ ಬದಲಾವಣೆಯಿಂದ ತನ್ನ ಮಹತ್ವವನ್ನು ಸುಲಭವಾಗಿ ಕಳೆದುಕೊಳ್ಳಬಲ್ಲ ಜಾಗ. ಆ ಮಹತ್ವವನ್ನು ಅಳೆಯುವುದು ಹೇಗೆ ಎಂಬುದಕ್ಕೆ ಆಸ್ಟ್ರೇಲಿಯಾದಲ್ಲಿ 1979ರಲ್ಲಿ ಮೊದಲು ಅಂಗೀಕಾರಗೊಂಡು, 2013ರಲ್ಲಿ ಪರಿಷ್ಕೃತವಾದ ಬರ್ರಾ ಸನ್ನದು ಎಂಬ ಸಂರಕ್ಷಣಾ ಮಾರ್ಗಸೂಚಿ ಇಂದಿಗೂ ಉಪಯುಕ್ತವಾದ ದಾರಿಯನ್ನು ತೋರಿಸುತ್ತದೆ. ಸೌಂದರ್ಯ, ಚರಿತ್ರೆ, ವೈಜ್ಞಾನಿಕ ಮಾಹಿತಿ, ಜನರ ಬದುಕಿನ ನಂಟು, ಆಧ್ಯಾತ್ಮಿಕ ಭಾವ ಇವುಗಳಲ್ಲಿ ಯಾವುದರಿಂದ ಈ ಜಾಗ ಬೆಲೆಯುಳ್ಳದ್ದಾಗಿದೆ ಎಂದು ಮೊದಲು ಬರೆದು ತಿಳಿಸಬೇಕು. ಆ ಬಳಿಕವೇ ಬದಲಾವಣೆಯ ಮಾತು. ಜಾಗವನ್ನು ಕಾಪಾಡಲು ಮತ್ತು ಬಳಸಲು ಅಗತ್ಯವಿರುವಷ್ಟನ್ನು ಮಾಡಿ, ಉಳಿದಂತೆ ಸಾಧ್ಯವಾದಷ್ಟು ಕಡಿಮೆ ಬದಲಿಸಿ ಎಂಬುದು ಅದರ ತಿರುಳು. ಬಳಕೆಯನ್ನು ಈ ಸನ್ನದು ನಿಷೇಧಿಸುವುದಿಲ್ಲ ಎಂಬುದನ್ನು ಶಾಲೆಗಳು ಗಮನಿಸಬೇಕು.

ಮಣ್ಣಿನ ಪದರಗಳು ಏಕೆ ಅಷ್ಟು ಮುಖ್ಯ

ಜನ ಬಹುಕಾಲ ಬಾಳಿದ ನೆಲದಲ್ಲಿ ಮಣ್ಣು ಪದರ ಪದರವಾಗಿ ಬೆಳೆಯುತ್ತದೆ. ಒಂದು ಮನೆ ಬಿದ್ದು ಅದರ ಗೋಡೆಯ ಮಣ್ಣು ಹರಡಿಕೊಳ್ಳುತ್ತದೆ, ಅದರ ಮೇಲೆ ಒಲೆಯ ಬೂದಿ ಸೇರುತ್ತದೆ, ಮೇಲೆ ಇನ್ನೊಂದು ನೆಲಹಾಸು ಬರುತ್ತದೆ. ಸಾಮಾನ್ಯವಾಗಿ ಕೆಳಗಿನದು ಹಳೆಯದು, ಮೇಲಿನದು ಹೊಸದು. ಪುರಾತತ್ವ ತಜ್ಞರಿಗೆ ಬೇಕಾದದ್ದು ಮಣ್ಣಿನಲ್ಲಿ ಸಿಗುವ ಮಡಕೆ ಚೂರೋ ನಾಣ್ಯವೋ ಮಾತ್ರವಲ್ಲ. ಅದು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಎಂಬ ಸಂಬಂಧ.

ತಂತಿಗೆ ಒಂದರ ಮೇಲೊಂದು ಚುಚ್ಚಿಟ್ಟ ಹಳೆಯ ರಸೀದಿಗಳನ್ನು ನೆನೆಯಿರಿ. ಅವುಗಳಲ್ಲಿ ಬಹುಪಾಲಿಗೆ ತಾರೀಖು ಇಲ್ಲ. ನಡುವೆ ಒಂದೆರಡಕ್ಕೆ ಮಾತ್ರ ಇದೆ. ತಂತಿಯಲ್ಲಿರುವ ತನಕ ತಾರೀಖಿಲ್ಲದ ರಸೀದಿಯೂ ಯಾವಾಗಿನದು ಎಂದು ಹೇಳಬಹುದು, ಏಕೆಂದರೆ ಅದರ ಮೇಲೂ ಕೆಳಗೂ ಇರುವವು ಸಾಕ್ಷಿ ನುಡಿಯುತ್ತವೆ. ಯಾರೋ ಎಲ್ಲವನ್ನೂ ಕಿತ್ತು ಮತ್ತೆ ಗುಡ್ಡೆ ಹಾಕಿದರೆ ಒಂದು ಚೀಟಿಯೂ ಕಳೆದಿರುವುದಿಲ್ಲ, ಆದರೆ ಲೆಕ್ಕ ಮಾತ್ರ ಶಾಶ್ವತವಾಗಿ ಕಳೆದಿರುತ್ತದೆ. ಜೋಕಾಲಿಯ ಕಂಬಕ್ಕಾಗಿ ತೋಡಿದ ಒಂದು ಗುಂಡಿ ಪದರಗಳಿಗೆ ಮಾಡುವುದು ಇದನ್ನೇ. ಹಳ್ಳದಿಂದ ತೆಗೆದ ಮಣ್ಣನ್ನು ಅದೇ ಹಳ್ಳಕ್ಕೆ ತುಂಬಿದರೂ ಪದರಗಳ ಅನುಕ್ರಮ ಮರಳಿ ಬರುವುದಿಲ್ಲ.

ವಿದ್ವಾಂಸರು ಶಿಸ್ತಿನಿಂದ ಮಾಡುವ ಉತ್ಖನನವೂ ಒಂದರ್ಥದಲ್ಲಿ ನಾಶವೇ. ದಾಖಲಿಸಿಕೊಂಡು ಮಾಡುವ ನಾಶ, ಅಷ್ಟೇ ವ್ಯತ್ಯಾಸ. ಆದ್ದರಿಂದಲೇ ಸ್ಮಾರಕಗಳ ಅಂತರರಾಷ್ಟ್ರೀಯ ಮಂಡಳಿಯಾದ ಇಕೊಮಾಸ್ 1990ರಲ್ಲಿ ಒಪ್ಪಿದ ಪುರಾತತ್ವ ಪರಂಪರೆಯ ಸನ್ನದು, ಅವಶೇಷಗಳನ್ನು ಇದ್ದಲ್ಲಿಯೇ ಇರಗೊಡುವುದನ್ನು ಮತ್ತು ನೆಲಕ್ಕೆ ಕೈಹಾಕದ ಶೋಧನೆಯನ್ನು ಮುಂದಿಡುತ್ತದೆ.

ಅಗೆಯದಿದ್ದರೂ ಆಗುವ ಹಾನಿ

ಹಾಗಾದರೆ ಅಗೆಯದಿದ್ದರೆ ಸಾಕೇ? ಸಾಲದು. ಸಾಮಾನ್ಯ ಓದುಗರ ಗಮನಕ್ಕೆ ಬಾರದೆ ಹೋಗುವುದು ಈ ಭಾಗವೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ಬೇರಿನ ವಿಷಯವನ್ನು ತೆಗೆದುಕೊಳ್ಳೋಣ. ಟಾಂಜಾನಿಯಾದ ಲೇಟೋಲಿಯಲ್ಲಿ 1978ರಲ್ಲಿ ಪುರಾತತ್ವ ತಜ್ಞೆ ಮೇರಿ ಲೀಕಿಯವರ ತಂಡಕ್ಕೆ ಸುಮಾರು 36 ಲಕ್ಷ ವರ್ಷಗಳಷ್ಟು ಹಳೆಯದಾದ, ಮಾನವನ ಪೂರ್ವಜರ ಹೆಜ್ಜೆಗುರುತುಗಳ ಸಾಲು ಸಿಕ್ಕಿತು. ಅಧ್ಯಯನದ ಬಳಿಕ ಅದನ್ನು ರಕ್ಷಿಸಲೆಂದೇ ಮಣ್ಣು ಮತ್ತು ಕಲ್ಲುಗಳಿಂದ ಮತ್ತೆ ಮುಚ್ಚಲಾಯಿತು. ಆದರೆ ಮುಚ್ಚಿದ ಮಣ್ಣಿನ ಜೊತೆಗೆ ಜಾಲಿ ಜಾತಿಯ ಮರದ ಬೀಜಗಳೂ ಸೇರಿಕೊಂಡಿದ್ದವು. ಅವು ಮೊಳೆತು ಮರಗಳಾಗಿ, ಅವುಗಳ ಬೇರುಗಳೇ ಹೆಜ್ಜೆಗುರುತುಗಳಿಗೆ ಕುತ್ತಾದವು. 1990ರ ದಶಕದ ನಡುವಿನಲ್ಲಿ ಟಾಂಜಾನಿಯಾದ ಪುರಾತತ್ವ ಇಲಾಖೆ ಮತ್ತು ಗೆಟ್ಟಿ ಸಂರಕ್ಷಣಾ ಸಂಸ್ಥೆ ಆ ನೆಲವನ್ನು ಮತ್ತೆ ತೆರೆದು, ಬೇರುಗಳನ್ನು ಒಂದೊಂದಾಗಿ ಬಿಡಿಸಿ, ಬೇರು ಇಳಿಯದಂಥ ಹಾಸುಗಳನ್ನು ಸೇರಿಸಿ ಪುನಃ ಮುಚ್ಚಬೇಕಾಯಿತು. ಹಳೆಯ ನೆಲದ ಮೇಲೆ ಮರ ನೆಡುವುದೆಂದರೆ ಮೇಲಿನ ನೆರಳನ್ನು ಮಾತ್ರವಲ್ಲ, ಕೆಳಗಿನ ಬೇರಿನ ಹರಹನ್ನೂ ಆರಿಸಿಕೊಂಡಂತೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಕಡಿಮೆ.

ನೀರಿನ ಹಾನಿ ಇನ್ನೊಂದು ಬಗೆಯದು. ಸದಾ ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಇರುವುದಿಲ್ಲ. ಕೊಳೆಸುವ ಸೂಕ್ಷ್ಮಜೀವಿಗಳು ಅಲ್ಲಿ ಹೆಚ್ಚು ಕೆಲಸ ಮಾಡಲಾರವು. ಹೀಗಾಗಿ ಮರ, ಚರ್ಮ, ಬಟ್ಟೆ, ಬೀಜಗಳಂಥ ವಸ್ತುಗಳು ಶತಮಾನಗಳ ಕಾಲ ಉಳಿಯುತ್ತವೆ. ಆಟದ ಮೈದಾನದಲ್ಲಿ ನೀರು ನಿಲ್ಲುತ್ತದೆಂದು ಬಸಿಗಾಲುವೆ ತೋಡಿದರೆ ಮೈದಾನ ಒಣಗುತ್ತದೆ, ಜೊತೆಗೆ ಗಾಳಿ ಒಳಹೊಕ್ಕು ಕೆಳಗಿನ ಮರವೂ ಕೊಳೆಯತೊಡಗುತ್ತದೆ. ಲಂಡನ್ನಿನಲ್ಲಿ 1989ರಲ್ಲಿ ಕಚೇರಿ ಕಟ್ಟಡವೊಂದರ ಕೆಲಸದ ವೇಳೆ ರೋಸ್ ಎಂಬ ಹಳೆಯ ರಂಗಮಂದಿರದ ಅವಶೇಷಗಳು ಸಿಕ್ಕಾಗ, ಅವು ಒಣಗಿ ಬಿರಿಯದಿರಲೆಂದು ಮರಳು ಮತ್ತು ಕಾಂಕ್ರೀಟಿನಿಂದ ಮುಚ್ಚಿ ಮೇಲೆ ನೀರು ನಿಲ್ಲಿಸಲಾಯಿತು. ಮಳೆನೀರು ಇಂಗಿಸುವ ಗುಂಡಿ ಸಾಮಾನ್ಯ ಶಾಲೆಯಲ್ಲಿ ಒಳ್ಳೆಯ ಕೆಲಸ. ಇಂಥ ನೆಲದಲ್ಲಿ ಅದೇ ಗುಂಡಿ ಹಾನಿಗೆ ಕಾರಣವಾಗಬಹುದು.

ಮೂರನೆಯದು ಒತ್ತಡ. ಆರೋಗ್ಯವಂತ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧದಷ್ಟು ನೀರು ಮತ್ತು ಗಾಳಿಯ ಸಂದುಗಳೇ ಇರುತ್ತವೆ. ಭಾರದ ಯಂತ್ರ ಒಂದೆರಡು ಬಾರಿ ಓಡಾಡಿದರೂ, ಮಕ್ಕಳು ವರ್ಷಗಟ್ಟಲೆ ಒಂದೇ ದಾರಿ ತುಳಿದರೂ ಆ ಸಂದುಗಳು ಮುಚ್ಚಿಕೊಳ್ಳುತ್ತವೆ. ಹುಲ್ಲು ಸಾಯುತ್ತದೆ, ಬರಿದಾದ ನೆಲದ ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ, ಕ್ರಮೇಣ ಹಳೆಯ ಪದರವೇ ಹೊರಬೀಳುತ್ತದೆ. ಇದರ ಜೊತೆಗೆ ರಾಸಾಯನಿಕ ಗೊಬ್ಬರದ ಲವಣಗಳು ಮಣ್ಣಿನೊಳಗಿನ ಲೋಹದ ವಸ್ತುಗಳನ್ನು ಬೇಗ ತುಕ್ಕು ಹಿಡಿಸುತ್ತವೆ.

ನಕ್ಷೆ ಬರೆಯುವ ಮೊದಲು

ಆದ್ದರಿಂದ ವಿನ್ಯಾಸದ ಕೆಲಸ ಪೆನ್ಸಿಲಿನಿಂದ ಆರಂಭವಾಗದೆ ವಿಚಾರಣೆಯಿಂದ ಆರಂಭವಾಗುತ್ತದೆ. ಹಳೆಯ ನಕ್ಷೆ, ಭೂದಾಖಲೆ, ಛಾಯಾಚಿತ್ರ, ಊರಿನ ಹಿರಿಯರ ನೆನಪು ಇವನ್ನೆಲ್ಲ ಕಲೆಹಾಕಿ, ನಂತರ ನೆಲಕ್ಕೆ ಕೈಹಚ್ಚದೆ ಒಳಗನ್ನು ಅರಿಯುವ ಉಪಕರಣಗಳನ್ನು ಬಳಸಲಾಗುತ್ತದೆ.

ನೆಲದೊಳಗೆ ತೂರುವ ರೇಡಾರ್ ರೇಡಿಯೋ ತರಂಗದ ಸ್ಪಂದನಗಳನ್ನು ಕೆಳಕ್ಕೆ ಕಳಿಸಿ, ಅವು ಮರಳಿ ಬರಲು ತೆಗೆದುಕೊಂಡ ಸಮಯದಿಂದ ಆಳವನ್ನು ಲೆಕ್ಕಹಾಕುತ್ತದೆ. ಒದ್ದೆಯಾದ ಜೇಡಿಮಣ್ಣಿನಲ್ಲಿ ಇದರ ಶಕ್ತಿ ಕುಂದುತ್ತದೆ. ವಿದ್ಯುತ್ ರೋಧದ ಮಾಪನದಲ್ಲಿ ಮಣ್ಣಿನ ಮೂಲಕ ಸಣ್ಣ ಪ್ರಮಾಣದ ವಿದ್ಯುತ್ ಹರಿಸುತ್ತಾರೆ: ಹೂತುಹೋದ ಕಲ್ಲಿನ ಗೋಡೆ ಒಣಗಿರುವುದರಿಂದ ಹೆಚ್ಚು ತಡೆ ಒಡ್ಡುತ್ತದೆ, ತೇವ ಹಿಡಿದ ಹಳೆಯ ಕಂದಕ ಕಡಿಮೆ ತಡೆ ಒಡ್ಡುತ್ತದೆ. ಕಾಂತೀಯ ಮಾಪನವು ಒಲೆ, ಕುಲುಮೆ, ಇಟ್ಟಿಗೆಗೂಡುಗಳಂಥ ಸುಟ್ಟ ನೆಲವನ್ನು ಚೆನ್ನಾಗಿ ಗುರುತಿಸುತ್ತದೆ, ಆದರೆ ಕಬ್ಬಿಣದ ಬೇಲಿ, ಗೋಲು ಕಂಬಗಳಿರುವ ಶಾಲೆಯ ಮೈದಾನದಲ್ಲಿ ಅದಕ್ಕೆ ಗೊಂದಲವಾಗುತ್ತದೆ. ಒಂದು ವಿಷಯವನ್ನು ಒತ್ತಿ ಹೇಳಬೇಕು. ಈ ಉಪಕರಣಗಳು ಯಾವುದೂ ನೆಲದೊಳಗಿನ ವಸ್ತುವಿನ ಚಿತ್ರವನ್ನು ಕೊಡುವುದಿಲ್ಲ. ಇಲ್ಲಿ ಏನೋ ಸುತ್ತಲಿನದಕ್ಕಿಂತ ಬೇರೆಯಾಗಿದೆ ಎಂದಷ್ಟೇ ಹೇಳುತ್ತವೆ. ಅದು ಗೋಡೆಯೋ, ಬೇರೋ, ಹಳೆಯ ಕೊಳವೆಯೋ ಎಂದು ಖಚಿತಪಡಿಸಿಕೊಳ್ಳಲು ಕೆಲವೆಡೆ ತಜ್ಞರು ಸಣ್ಣ ಪರೀಕ್ಷಾ ಗುಂಡಿ ತೆಗೆಯುತ್ತಾರೆ.

ಇದೆಲ್ಲದರಿಂದ ತಯಾರಾಗುವುದು ಒಂದು ಸೂಕ್ಷ್ಮತೆಯ ನಕ್ಷೆ. ಎಲ್ಲಿ ಅವಶೇಷ ಮೇಲ್ಮೈಗೆ ಸಮೀಪವಿದೆ, ಎಲ್ಲಿ ಆಳದಲ್ಲಿದೆ, ಎಲ್ಲಿ ಹಿಂದಿನ ಕೊಳವೆ ಕೆಲಸಗಳಿಂದ ನೆಲ ಈಗಾಗಲೇ ಕದಡಿಹೋಗಿದೆ ಎಂದು ಅದು ತೋರಿಸುತ್ತದೆ. ಈ ಕೊನೆಯ ಮಾಹಿತಿ ಬಹಳ ಬೆಲೆಯುಳ್ಳದ್ದು: ಹೊಸ ವಿದ್ಯುತ್ ತಂತಿ, ನೀರಿನ ಕೊಳವೆ, ಅನಿವಾರ್ಯವಾದ ಕಂಬಗಳನ್ನು ಹಳೆಯ ಕಾಲುವೆಯ ಜಾಡಿನಲ್ಲಿಯೇ ತಂದರೆ ಹೊಸದಾಗಿ ಹಾನಿಯಾಗುವುದಿಲ್ಲ. ಇದೇ ಹಂತದಲ್ಲಿ ಮಣ್ಣಿನಲ್ಲಿ ಸೀಸ, ಆರ್ಸೆನಿಕ್‌ನಂಥ ವಿಷಕಾರಿ ಅಂಶಗಳಿವೆಯೇ ಎಂದೂ ಪರೀಕ್ಷಿಸಬೇಕು. ಹಿಂದೆ ಲೋಹದ ಕೆಲಸ ನಡೆದ ಅಥವಾ ಸೀಸದ ಬಣ್ಣ ಬಳಿದ ಕಟ್ಟಡಗಳಿದ್ದ ಜಾಗಗಳಲ್ಲಿ ಅವು ಇರುವುದುಂಟು, ಮತ್ತು ಮಕ್ಕಳು ಮಣ್ಣಿನಲ್ಲಿ ಆಡುತ್ತಾರೆ.

ಕೆಳಗಿಳಿಯದೆ ಮೇಲಕ್ಕೆ ಕಟ್ಟುವುದು

ಇಂಥ ಅಂಗಳದ ವಿನ್ಯಾಸದ ಮೂಲ ಉಪಾಯ ಸರಳ: ನೆಲವನ್ನು ತೋಡುವ ಬದಲು ನೆಲದ ಮೇಲೆ ಹೊಸ ನೆಲವನ್ನು ಹಾಸುವುದು. ಮೊದಲು ನೀರು ಇಳಿಯಬಲ್ಲ, ಆದರೆ ಮಣ್ಣು ಬೆರೆಯದಂತೆ ತಡೆಯುವ ಜಿಯೋಟೆಕ್ಸ್‌ಟೈಲ್ ಎಂಬ ಬಟ್ಟೆಯಂಥ ಹಾಳೆಯನ್ನು ಹರಡುತ್ತಾರೆ. ಅದರ ಮೇಲೆ ತೊಳೆದ ಮರಳಿನ ಪದರ, ಅದರ ಮೇಲೆ ಹೊರಗಿನಿಂದ ತಂದ ಶುದ್ಧ ಮಣ್ಣು. ಈ ಹಾಳೆ ಒಂದು ಗಡಿಗುರುತಿನ ಕೆಲಸವನ್ನೂ ಮಾಡುತ್ತದೆ. ಮುಂದೆ ಯಾರಾದರೂ ಗುದ್ದಲಿ ಹಾಕಿದಾಗ ಹಾಳೆ ಕಂಡೊಡನೆ, ಇದರ ಕೆಳಗಿನದು ಚರಿತ್ರೆಗೆ ಸೇರಿದ್ದು, ಇಲ್ಲಿಗೆ ನಿಲ್ಲಿಸಬೇಕು ಎಂದು ತಿಳಿಯುತ್ತದೆ. ಮಣ್ಣಿನಲ್ಲಿ ಸೀಸ ಇದ್ದ ಪಕ್ಷದಲ್ಲಿ ಇದೇ ಹೊದಿಕೆ ಮಕ್ಕಳಿಗೂ ರಕ್ಷಣೆಯಾಗುತ್ತದೆ. ದಾರಿಗಳಿಗೆ ಜೇನುಗೂಡಿನ ಆಕಾರದ ಪ್ಲಾಸ್ಟಿಕ್ ಕೋಶಗಳ ಚೌಕಟ್ಟನ್ನು ನೆಲದ ಮೇಲೆ ಹರಡಿ, ಕೋಶಗಳಲ್ಲಿ ಜಲ್ಲಿ ತುಂಬುತ್ತಾರೆ. ಭಾರ ಒಂದೇ ಕಡೆ ಬೀಳದೆ ಹರಡಿಕೊಳ್ಳುವುದರಿಂದ ತಳಪಾಯಕ್ಕೆ ಅಗೆಯುವ ಅಗತ್ಯವೇ ಇರುವುದಿಲ್ಲ.

ಮೇಲೆ ತುಂಬುವುದಕ್ಕೂ ಮಿತಿಯಿದೆ. ಅರ್ಧ ಮೀಟರ್ ಎತ್ತರಕ್ಕೆ ಮಣ್ಣು ಹಾಕಿದರೆ ಪ್ರತಿ ಚದರ ಮೀಟರ್ ನೆಲದ ಮೇಲೆ ಸುಮಾರು 800 ಕಿಲೋ ಭಾರ ಬೀಳುತ್ತದೆ. ಟೊಳ್ಳಾದ ನೆಲಮಾಳಿಗೆ, ಹಳೆಯ ಕಮಾನು, ಮಡಕೆಗಳಿರುವ ಸಡಿಲ ಪದರ ಕೆಳಗಿದ್ದರೆ ಇದು ತಾಳಲಾರದಷ್ಟಾಗಬಹುದು. ಅಂಥ ಕಡೆ ಮರದ ಅಟ್ಟಣೆಯಂಥ ಹಗುರವಾದ ವೇದಿಕೆಗಳನ್ನು ಆರಿಸಬೇಕಾಗುತ್ತದೆ.

ಇಲ್ಲಿ ಎರಡನೆಯ ತತ್ವವೂ ಕೂಡಿಕೊಳ್ಳುತ್ತದೆ. ಹಾಕಿದ್ದನ್ನು ಮುಂದೊಂದು ದಿನ ಹಾನಿಯಿಲ್ಲದೆ ತೆಗೆಯಲು ಸಾಧ್ಯವಾಗಬೇಕು. ಕಾಂಕ್ರೀಟಿನಲ್ಲಿ ಹೂತ ಬೆಂಚಿನ ಬದಲು ತನ್ನ ತೂಕದಿಂದಲೇ ನಿಲ್ಲುವ ಕಲ್ಲಿನ ಆಸನ, ಹಳೆಯ ಗೋಡೆಗೆ ಮೊಳೆ ಹೊಡೆದ ಫಲಕದ ಬದಲು ಸ್ವತಂತ್ರವಾಗಿ ನಿಂತ ಫಲಕ, ನೆಲದಲ್ಲಿ ನೆಟ್ಟ ಬಳ್ಳಿಯ ಬದಲು ಎತ್ತರದ ತೊಟ್ಟಿಯಲ್ಲಿ ಬೆಳೆದ ಬಳ್ಳಿ. ಶಾಲೆಯ ಅಗತ್ಯಗಳು ಒಂದು ತಲೆಮಾರಿನೊಳಗೆ ಬದಲಾಗುತ್ತವೆ. ಕೆಳಗಿನ ಪದರಗಳಿಗೆ ಅಷ್ಟು ಬೇಗ ಬದಲಾಗುವ ಹಂಗಿಲ್ಲ.

ಹಳೆಯ ಮರಗಳ ಬಳಿ ಲೆಕ್ಕ ಬೇರೆ

ನೆಲವನ್ನು ಎತ್ತರಿಸುವ ಈ ಉಪಾಯ ಹಳೆಯ ಮರದ ಬುಡದಲ್ಲಿ ಮಾತ್ರ ಕೆಲಸಕ್ಕೆ ಬಾರದು. ಮರದ ಬಹುಪಾಲು ಬೇರುಗಳು ನಾವು ಊಹಿಸುವಷ್ಟು ಆಳಕ್ಕೆ ಇಳಿಯದೆ, ಮೇಲಿನ 60 ಸೆಂಟಿಮೀಟರಿನೊಳಗೆ ಹರಡಿ, ಕೊಂಬೆಗಳ ಹರಹನ್ನೂ ದಾಟಿ ಹೋಗಿರುತ್ತವೆ. ಅವುಗಳ ಮೇಲೆ ಮಣ್ಣು ತುಂಬಿದರೆ ಗಾಳಿ ಸಿಗದೆ ಬೇರು ಉಸಿರುಗಟ್ಟುತ್ತದೆ. ಬುಡಕ್ಕೆ ಮಣ್ಣೇರಿಸಿದರೆ ತೊಗಟೆ ಕೊಳೆಯುತ್ತದೆ. ಮರ ತಕ್ಷಣ ಸಾಯುವುದಿಲ್ಲ, ಹಲವು ವರ್ಷಗಳ ಮೇಲೆ ಸಾಯುತ್ತದೆ. ಆ ಹೊತ್ತಿಗೆ ಕಾರಣ ಯಾರಿಗೂ ನೆನಪಿರುವುದಿಲ್ಲ.

ಎಷ್ಟು ಜಾಗ ಬಿಡಬೇಕು ಎಂಬುದಕ್ಕೆ ಬ್ರಿಟನ್ನಿನ 2012ರ ಮಾನಕವೊಂದು ಸುಲಭ ಲೆಕ್ಕ ಕೊಡುತ್ತದೆ. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡದ ಅಡ್ಡಳತೆ ತೆಗೆದು ಅದನ್ನು 12ರಿಂದ ಗುಣಿಸಿದರೆ ಬರುವುದೇ ರಕ್ಷಣಾ ವಲಯದ ತ್ರಿಜ್ಯ. 60 ಸೆಂಟಿಮೀಟರ್ ದಪ್ಪದ ಮರಕ್ಕೆ ಇದು 7.2 ಮೀಟರ್. ಆ ವೃತ್ತದೊಳಗೆ ಯಂತ್ರ ಓಡಾಡಬಾರದು, ಸಾಮಗ್ರಿ ಪೇರಿಸಬಾರದು, ನೆಲದ ಮಟ್ಟ ಬದಲಾಗಬಾರದು. ಬಹಳ ವಯಸ್ಸಾದ ಮರಗಳಿಗೆ ಇನ್ನೂ ಹೆಚ್ಚಿನ ಅಂತರ ಬಿಡುವುದು ವಾಡಿಕೆ. ಮಕ್ಕಳಿಗೆ ಆ ನೆರಳು ಬೇಕೇ ಬೇಕು. ಆದ್ದರಿಂದ ಮರದ ಕೆಳಗೆ ತೆಳುವಾದ ಮರದ ತೊಗಟೆಯ ಚೂರು ಹರಡುವುದು, ಬೇರುಗಳ ನಡುವೆ ಕೈಯಿಂದ ನಿಲ್ಲಿಸಿದ ಕೆಲವೇ ಆಧಾರಗಳ ಮೇಲೆ ಹಗುರ ವೇದಿಕೆ ಕಟ್ಟುವುದು ರೂಢಿಯಲ್ಲಿರುವ ಪರಿಹಾರಗಳು.

ಆಟ, ಸುರಕ್ಷತೆ, ಎಲ್ಲರ ಪ್ರವೇಶ

ಸಂರಕ್ಷಣೆಯ ಹೆಸರಿನಲ್ಲಿ ಮಕ್ಕಳನ್ನು ಅಂಗಳದಿಂದ ದೂರವಿಡುವುದು ಸುಲಭದ ದಾರಿ, ಆದರೆ ಅದು ವಿನ್ಯಾಸದ ಸೋಲು ಎಂದೇ ನನ್ನ ತಿಳಿವಳಿಕೆ. ಆಟದ ಸುರಕ್ಷತೆಯ ನಿಯಮಗಳೂ ನೆಲದ ನಿಯಮಗಳೂ ಪರಸ್ಪರ ಹೊಂದಿಕೊಳ್ಳುವಂತೆ ಮಾಡಲು ಸಾಧ್ಯವಿದೆ.

ಯುರೋಪಿನ ಆಟದ ಸಲಕರಣೆಗಳ ಮಾನಕದ ಪ್ರಕಾರ ಮಗು ಬೀಳಬಹುದಾದ ಎತ್ತರ 3 ಮೀಟರ್ ಮೀರುವಂತಿಲ್ಲ, ಮತ್ತು ಎತ್ತರ ಹೆಚ್ಚಿದಂತೆ ಕೆಳಗಿನ ಮೆತ್ತನೆಯ ಹಾಸೂ ದಪ್ಪವಾಗಬೇಕು. 2 ಮೀಟರ್ ಎತ್ತರದಿಂದ ಬೀಳುವುದಕ್ಕೆ ಮರಳು ಅಥವಾ ತೊಗಟೆಯ ಚೂರಿನ ಸುಮಾರು 30 ಸೆಂಟಿಮೀಟರ್ ಹಾಸು ಬೇಕಾಗುತ್ತದೆ. ಸಾಮಾನ್ಯ ಶಾಲೆ ಅದಕ್ಕೆ 30 ಸೆಂಟಿಮೀಟರ್ ಗುಂಡಿ ತೋಡುತ್ತದೆ. ಇಲ್ಲಿ ಗುಂಡಿಯಿಲ್ಲ, ಆದ್ದರಿಂದ ಸುತ್ತ ಅಂಚು ಕಟ್ಟಿ ಹಾಸನ್ನು ಮೇಲಕ್ಕೇರಿಸಬೇಕು. ಮೇಲಕ್ಕೇರಿಸಿದೊಡನೆ ಗಾಲಿಕುರ್ಚಿಯ ಪ್ರಶ್ನೆ ಬರುತ್ತದೆ: 20ಕ್ಕೆ 1ರ ಸೌಮ್ಯ ಇಳಿಜಾರಿನಲ್ಲಿ 30 ಸೆಂಟಿಮೀಟರ್ ಏರಲು 6 ಮೀಟರ್ ಉದ್ದದ ದಾರಿ ಬೇಕು. ಒಂದು ನಿರ್ಧಾರ ಇನ್ನೊಂದನ್ನು ಹೇಗೆ ಎಳೆದು ತರುತ್ತದೆ ಎಂಬುದಕ್ಕೆ ಇದು ಉದಾಹರಣೆ. ಪರ್ಯಾಯವಾಗಿ ಸಲಕರಣೆಗಳನ್ನೇ ಒಂದು ಮೀಟರಿಗಿಂತ ತಗ್ಗಾಗಿಟ್ಟರೆ ಚೆನ್ನಾಗಿ ಬೆಳೆದ ಹುಲ್ಲೇ ಸಾಕಾಗುತ್ತದೆ. ಸಮತೋಲನದ ದಿಮ್ಮಿಗಳು, ದಾಟುವ ಕಲ್ಲುಗಳು, ಹೊರಗಿನ ಮಣ್ಣಿನಿಂದ ಮಾಡಿದ ದಿಬ್ಬದ ಮೈಗೆ ಒರಗಿಸಿದ ಜಾರುಬಂಡೆ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ದಿಬ್ಬದ ಜಾರುಬಂಡೆ ಇಲ್ಲಿ ವಿಶೇಷವಾಗಿ ಒಳ್ಳೆಯದು: ಎತ್ತರ ಇದ್ದರೂ ಬೀಳುವ ಆಳ ಇರುವುದಿಲ್ಲ, ಕಂಬವೂ ಬೇಕಿಲ್ಲ.

ಮಕ್ಕಳು ಒಂದೇ ಜಾಗವನ್ನು ತುಳಿದು ಬರಿದು ಮಾಡದಂತೆ ಆಟದ ತಾಣಗಳನ್ನು ಚದುರಿಸಿ, ಹುಲ್ಲಿನ ಭಾಗಗಳನ್ನು ಸರದಿಯಂತೆ ಕೆಲವು ವಾರ ಬಿಡುವು ಕೊಡುವಂತೆ ಯೋಜಿಸಬೇಕು. ಮಕ್ಕಳು ಸಹಜವಾಗಿ ಅಡ್ಡಹಾಯುವ ದಾರಿಗಳನ್ನು ಮೊದಲೇ ಗಮನಿಸಿ ಅಲ್ಲಿಯೇ ಗಟ್ಟಿ ದಾರಿ ಹಾಸುವುದು, ಬೇಲಿ ಹಾಕಿ ತಡೆಯುವುದಕ್ಕಿಂತ ಫಲಕಾರಿ.

ಹೊಸದು ಹಳೆಯದರಂತೆ ಕಾಣಬೇಕೇ

ಚಾರಿತ್ರಿಕ ಜಾಗವೆಂದ ಮೇಲೆ ಬೆಂಚೂ ಬೇಲಿಯೂ ಹಳೆಯ ಕಾಲದಂತೆ ಕಾಣಲಿ ಎಂಬ ಆಸೆ ಹುಟ್ಟುವುದು ಸಹಜ. ಆದರೆ ಸ್ಮಾರಕಗಳ ಸಂರಕ್ಷಣೆಯ ಕುರಿತ 1964ರ ವೆನಿಸ್ ಸನ್ನದು ಇದಕ್ಕೆ ವಿರುದ್ಧವಾದ ಸಲಹೆ ಕೊಡುತ್ತದೆ: ಸೇರಿಸಿದ ಭಾಗ ಒಟ್ಟು ನೋಟಕ್ಕೆ ಹೊಂದಿಕೊಳ್ಳಬೇಕು, ಆದರೂ ಮೂಲದಿಂದ ಬೇರೆಯೆಂದು ಗುರುತಿಸುವಂತಿರಬೇಕು, ಊಹೆ ಆರಂಭವಾಗುವಲ್ಲಿ ಪುನರುಜ್ಜೀವನದ ಕೆಲಸ ನಿಲ್ಲಬೇಕು. ಉದ್ಯಾನಗಳಿಗಾಗಿ 1981ರಲ್ಲಿ ಫ್ಲಾರೆನ್ಸಿನಲ್ಲಿ ರೂಪುಗೊಂಡ ಸನ್ನದು ಉದ್ಯಾನವನ್ನು ಜೀವಂತ ಸ್ಮಾರಕವೆಂದು ಕರೆದು, ಆಳವಾದ ಅಧ್ಯಯನವಿಲ್ಲದೆ ಹಳೆಯ ತೋಟವನ್ನು ಮರಳಿ ಕಟ್ಟಬಾರದು ಎಂದಿತು. ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಸುತ್ತಲಿನ ಕಾಲುದಾರಿಗಳನ್ನು 1950ರ ದಶಕದಲ್ಲಿ ರೂಪಿಸಿದ ವಾಸ್ತುಶಿಲ್ಪಿ ದಿಮಿತ್ರಿಸ್ ಪಿಕಿಯೋನಿಸ್, ನಗರದಲ್ಲಿ ಕೆಡವಿದ ಮನೆಗಳ ಕಲ್ಲುಚೂರುಗಳನ್ನು ಜೋಡಿಸಿ ಹಾಸಿದರು. ಆ ದಾರಿ ಪುರಾತನ ಗ್ರೀಕರದೆಂದು ನಟಿಸುವುದಿಲ್ಲ, ಆದರೂ ಅಲ್ಲಿಗೆ ಅಪರಿಚಿತವಾಗಿಯೂ ಇಲ್ಲ.

ಕೆಲವು ಕಡೆ ಶಾಲೆಯ ಅಂಗಳವೇ ಪರಂಪರೆ. 1901ರಲ್ಲಿ ರವೀಂದ್ರನಾಥ ಠಾಕೂರರು ಶಾಂತಿನಿಕೇತನದಲ್ಲಿ ಆರಂಭಿಸಿದ ಶಾಲೆಯಲ್ಲಿ ಮರಗಳ ನೆರಳೇ ತರಗತಿಯಾಗಿತ್ತು. ಆ ತಾಣ 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಂಥಲ್ಲಿ ಮಕ್ಕಳು ನೆಲದ ಮೇಲೆ ಕೂತು ಕಲಿಯುವ ರೂಢಿ ಉಳಿಯದಿದ್ದರೆ ಮರ, ಕಟ್ಟಡಗಳು ಉಳಿದರೂ ಮಹತ್ವದ ದೊಡ್ಡ ಪಾಲು ಹೋದಂತೆ.

ನೋವಿನ ನೆನಪಿರುವ ನೆಲ

ಸಮಾಧಿಗಳಿರುವ, ಸೆರೆಮನೆಯಿದ್ದ, ಯುದ್ಧವೋ ಹಿಂಸೆಯೋ ನಡೆದ ನೆಲದಲ್ಲಿ ಪದರಗಳ ಜೊತೆಗೆ ಜೀವಂತ ಜನರ ಭಾವನೆಯೂ ಇದೆ. ಇಲ್ಲಿ ಮೊದಲು ಕೇಳಬೇಕಾದದ್ದು ಆ ನೆಲದೊಂದಿಗೆ ನಂಟಿರುವ ಸಮುದಾಯವನ್ನು, ನಕ್ಷೆ ಮುಗಿದ ಮೇಲಲ್ಲ, ಆರಂಭದಲ್ಲಿಯೇ. ಸಮಾಧಿಯ ಮೇಲೆ ಓಟದ ಆಟ ಬೇಡವೆನ್ನುವವರು ಅದೇ ಜಾಗದಲ್ಲಿ ಹೂಗಿಡವನ್ನೋ ಓದುವ ಮೂಲೆಯನ್ನೋ ಒಪ್ಪಬಹುದು. ಏನೂ ಬೇಡ, ಹುಲ್ಲು ಮಾತ್ರ ಇರಲಿ ಎನ್ನಲೂಬಹುದು. ಆ ಉತ್ತರವನ್ನೂ ವಿನ್ಯಾಸದ ಭಾಗವೆಂದೇ ಸ್ವೀಕರಿಸಬೇಕಾಗುತ್ತದೆ.

ಕೆಲಸ ನಡೆಯುವಾಗ ಮತ್ತು ಆಮೇಲೆ

ಕಾಮಗಾರಿಯ ಸಮಯದಲ್ಲಿ ಪುರಾತತ್ವ ತಜ್ಞರೊಬ್ಬರು ಸ್ಥಳದಲ್ಲಿ ನಿಂತು ನೋಡುತ್ತಿರುವುದು ರೂಢಿ. ಮೇಲ್ಮಣ್ಣನ್ನು ಸರಿಸಲೇಬೇಕಾದರೆ ಹಲ್ಲಿಲ್ಲದ ಬಕೆಟ್ಟಿನ ಯಂತ್ರದಿಂದ ತೆಳುವಾಗಿ ಕೆರೆಯುತ್ತಾರೆ, ಏಕೆಂದರೆ ಹಲ್ಲುಳ್ಳ ಬಕೆಟ್ ಗೀರಿದಾಗ ಪದರದ ಬಣ್ಣವ್ಯತ್ಯಾಸ ಕಾಣುವುದಿಲ್ಲ. ನೆಲ ಒಣಗಿರುವ ಋತುವಿನಲ್ಲಿ, ಭಾರ ಹರಡುವ ಹಾಸುಹಲಗೆಗಳ ಮೇಲೆ ಯಂತ್ರಗಳು ಓಡಾಡಬೇಕು. ಅನಿರೀಕ್ಷಿತವಾಗಿ ಏನಾದರೂ ಸಿಕ್ಕರೆ ಯಾರು ಕೆಲಸ ನಿಲ್ಲಿಸಬೇಕು, ಯಾರಿಗೆ ತಿಳಿಸಬೇಕು ಎಂಬುದು ಗುತ್ತಿಗೆಯ ಕಾಗದದಲ್ಲಿಯೇ ಬರೆದಿರಬೇಕು. ಆಗ ವಿಳಂಬದ ಖರ್ಚಿಗೆ ಹೆದರಿ ಯಾರೂ ಮುಚ್ಚಿಹಾಕುವುದಿಲ್ಲ.

ಅಂಗಳ ಸಿದ್ಧವಾದ ಮೇಲೆ ಅದರ ಭವಿಷ್ಯ ತೋಟಗಾರರ ಮತ್ತು ನಿರ್ವಹಣಾ ಸಿಬ್ಬಂದಿಯ ಕೈಯಲ್ಲಿದೆ. ಜಿಯೋಟೆಕ್ಸ್‌ಟೈಲ್ ಹಾಳೆ ಎಲ್ಲಿದೆ, ಎಷ್ಟು ಆಳದವರೆಗೆ ಗುದ್ದಲಿ ಹಾಕಬಹುದು, ಯಾವ ಮೂಲೆಯಲ್ಲಿ ಗೊಬ್ಬರ ಬೇಡ, ತಾನಾಗಿ ಮೊಳೆತ ಮರದ ಸಸಿಯನ್ನು ಎಷ್ಟು ಬೇಗ ಕೀಳಬೇಕು ಎಂಬುದನ್ನು ಅವರು ಓದಬಲ್ಲ ಭಾಷೆಯಲ್ಲಿ, ಒಂದೇ ಹಾಳೆಯ ನಕ್ಷೆಯಾಗಿ ಕೊಡಬೇಕು. ಮುಖ್ಯೋಪಾಧ್ಯಾಯರು ಬದಲಾದಾಗ, ಹೊಸ ಗುತ್ತಿಗೆದಾರರು ಬಂದಾಗ ಆ ನಕ್ಷೆ ಕಡತದೊಂದಿಗೆ ಕೈದಾಟಬೇಕು. ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಅಂಗಳವನ್ನು ನಡೆದು ನೋಡಿ, ಮಣ್ಣು ಕೊಚ್ಚಿಹೋದ ಕಡೆ ಶುದ್ಧ ಮಣ್ಣು ತುಂಬಿ, ಎಷ್ಟು ತುಂಬಿದೆವು ಎಂದು ಅದೇ ನಕ್ಷೆಯ ಮೇಲೆ ತಾರೀಖಿನೊಂದಿಗೆ ಬರೆದಿಡಬೇಕು.